ಹಾದಿಬದಿಯ ಜಾಹೀರಾತು ಫಲಕಗಳ ಸ್ಥಳೀಯ ನಿಯಂತ್ರಣ: ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ

ರಸ್ತೆಯ ಅಂಚಿನಲ್ಲಿ ಕಂಬಗಳ ಮೇಲೆ ನಿಲ್ಲಿಸುವ ಬೃಹತ್ ಜಾಹೀರಾತು ಫಲಕಗಳು ತಮ್ಮ ಊರಿನಲ್ಲಿ ಎಲ್ಲಿರಬೇಕು, ಎಷ್ಟಿರಬೇಕು, ಇರಲೇಬೇಕೇ ಎಂಬುದನ್ನು ಆ ಊರಿನವರೇ ನಿರ್ಣಯಿಸತಕ್ಕದ್ದೆಂದು ಅಮೆರಿಕದ ಪ್ರಜೆಗಳು ಇಪ್ಪತ್ತನೆಯ ಶತಮಾನದ ಆದಿಯಿಂದಲೂ ಹೋರಾಡುತ್ತ ಬಂದಿದ್ದಾರೆ. ಫಲಕ ನಿಂತ ನೆಲವು ಯಾರೋ ಒಬ್ಬರ ಸ್ವತ್ತು. ಆದರೆ ಆ ಫಲಕಕ್ಕೆ ಬೆಲೆ ಬರುವುದು ಸಾರ್ವಜನಿಕರ ಹಣದಿಂದ ನಿರ್ಮಿತವಾದ ಹಾದಿಯಲ್ಲಿ ಸಂಚರಿಸುವವರ ಕಣ್ಣುಗಳಿಂದ. ವಿವಾದದ ಮೂಲವೆಲ್ಲ ಇಲ್ಲಿದೆ.

ಸೌಂದರ್ಯರಕ್ಷಣೆಯೊಂದನ್ನೇ ಆಧಾರವಾಗಿಟ್ಟುಕೊಂಡು ಖಾಸಗಿ ಸ್ವತ್ತಿನ ಉಪಯೋಗವನ್ನು ನಿರ್ಬಂಧಿಸಲಾಗದೆಂದು ಆರಂಭದಲ್ಲಿ ನ್ಯಾಯಾಲಯಗಳು ಸಾಮಾನ್ಯವಾಗಿ ಭಾವಿಸಿದ್ದುದರಿಂದ, ನಗರಗಳು ಬೆಂಕಿಯ ಭಯ, ಕಸದ ಶೇಖರಣೆ, ಫಲಕಗಳ ಮರೆಯಲ್ಲಿ ಅಡಗುವ ದುಷ್ಕರ್ಮಿಗಳು ಮೊದಲಾದ ಕಾರಣಗಳನ್ನು ಮುಂದಿಡಬೇಕಾಯಿತು. ಷಿಕಾಗೋ ನಗರವು, ಅರ್ಧದಷ್ಟು ಕಟ್ಟಡಗಳು ವಾಸದ ಮನೆಗಳೇ ಆಗಿರುವ ಬೀದಿಯ ಭಾಗದಲ್ಲಿ ಫಲಕವನ್ನು ನಿಲ್ಲಿಸಬೇಕಾದರೆ ಬೀದಿಯ ಎರಡು ಬದಿಗಳ ಮುಂಭಾಗದ ಬಹುಪಾಲು ಸ್ವತ್ತಿನ ಒಡೆಯರ ಲಿಖಿತ ಸಮ್ಮತಿ ಇರತಕ್ಕದ್ದೆಂದು ವಿಧಿಸಿದಾಗ, ಥಾಮಸ್ ಕ್ಯೂಸಾಕ್ ಎಂಬ ಫಲಕದ ಕಂಪೆನಿಯು ಅದನ್ನು ಪ್ರಶ್ನಿಸಿ ರಾಷ್ಟ್ರದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1917ರಲ್ಲಿ ನ್ಯಾಯಾಲಯವು ನಗರದ ಪಕ್ಷವನ್ನೇ ಎತ್ತಿಹಿಡಿಯಿತು. ದಿನವೂ ಆ ಫಲಕವನ್ನು ನೋಡಬೇಕಾದ ನೆರೆಹೊರೆಯವರ ಒಪ್ಪಿಗೆಗೆ ಇಷ್ಟು ನೇರವಾಗಿ ಬೆಲೆಕೊಟ್ಟ ನಿಯಮವು ಮುಂದಿನ ಶಾಸನಗಳಲ್ಲಿ ವಿರಳ. ಈ ಮಾರ್ಗವನ್ನು ಹೆಚ್ಚು ಊರುಗಳು ಹಿಡಿಯದೆ ಹೋದುದು ನಿಜವಾದ ನಷ್ಟ.

ನ್ಯಾಯಾಲಯದ ಮೆಟ್ಟಿಲನ್ನು ನಂಬಿ ಕೂರದೆ ಜನಾಭಿಪ್ರಾಯದಿಂದಲೇ ಕಾರ್ಯವನ್ನು ಸಾಧಿಸಿದವರು ಹವಾಯಿಯ ಸ್ತ್ರೀಯರು. 1912ರಲ್ಲಿ ಹೊನೊಲುಲುವಿನಲ್ಲಿ ಚೆರಿಲ್ಲಾ ಲೌರಿಯವರ ಮುಂದಾಳುತನದಲ್ಲಿ ಸ್ಥಾಪಿತವಾದ ‘ಔಟ್‌ಡೋರ್ ಸರ್ಕಲ್’ ಎಂಬ ಮಹಿಳಾ ಸಂಸ್ಥೆಯು ಒಂದು ಕಡೆ ಬೀದಿಗಳಲ್ಲಿ ಸಾಲುಮರಗಳನ್ನು ನೆಡುತ್ತ, ಇನ್ನೊಂದು ಕಡೆ ಫಲಕಗಳಲ್ಲಿ ಜಾಹೀರಾತು ಹಾಕಿಸುವ ವರ್ತಕರ ಸರಕನ್ನು ಕೊಳ್ಳಬೇಡಿರೆಂದು ಗೃಹಿಣಿಯರನ್ನು ಪ್ರೇರಿಸುತ್ತ ಬಂದಿತು. ಅಡುಗೆಮನೆಯ ಖರ್ಚು ಯಾರ ಕೈಯಲ್ಲಿದೆಯೋ ಅವರ ಮಾತನ್ನು ವರ್ತಕರು ಕೇಳದಿರಲಾಗುತ್ತದೆಯೇ? ಒಬ್ಬೊಬ್ಬರಾಗಿ ಹಿಂದೆಗೆದರು. ಕಡೆಗೆ ಉಳಿದ ಫಲಕದ ಕಂಪೆನಿಯನ್ನು ಈ ಸ್ತ್ರೀಯರು ತಾವೇ ಕೊಂಡು ಮುಚ್ಚಿಬಿಟ್ಟರು. ಪ್ರತಿಭಟಿಸುವ ಉದ್ಯಮವೇ ಇಲ್ಲದ ಸಮಯದಲ್ಲಿ, 1927ರಲ್ಲಿ, ದ್ವೀಪಗಳ ಶಾಸನಸಭೆಯು ಫಲಕಗಳನ್ನು ನಿಷೇಧಿಸಿತು. ಆಗ ಹವಾಯಿ ಇನ್ನೂ ರಾಜ್ಯವೂ ಆಗಿರಲಿಲ್ಲ.

ಮುಖ್ಯಭೂಮಿಯಲ್ಲಿ ಪ್ರಗತಿ ನಿಧಾನವಾಗಿತ್ತು. ಮ್ಯಾಸಚೂಸೆಟ್ಸ್‌ನ ಉಚ್ಚ ನ್ಯಾಯಪೀಠವು 1935ರಲ್ಲಿ ಸೌಂದರ್ಯವೂ ನಿಯಂತ್ರಣಕ್ಕೆ ಯೋಗ್ಯವಾದ ಕಾರಣವೆಂದು ಒಪ್ಪಿತು. 1954ರ ಬರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೂ ಲೋಕಹಿತದೊಳಗೆ ಸೌಂದರ್ಯ ಸೇರುತ್ತದೆಂದು ಹೇಳಿತು.

ಅಂತರರಾಜ್ಯ ಹೆದ್ದಾರಿಗಳ ನಿರ್ಮಾಣದೊಡನೆ ಪ್ರಶ್ನೆಯು ಊರಿನ ಕೈಯಿಂದ ರಾಷ್ಟ್ರದ ರಾಜಧಾನಿಗೆ ಸರಿಯಿತು. ಫಲಕಗಳನ್ನು ನಿಯಂತ್ರಿಸುವ ರಾಜ್ಯಗಳಿಗೆ ಶೇಕಡಾ ಅರ್ಧದಷ್ಟು ಅಧಿಕ ಅನುದಾನ ಕೊಡುವ 1958ರ ವ್ಯವಸ್ಥೆಗೆ ಸುಮಾರು ಅರ್ಧದಷ್ಟು ರಾಜ್ಯಗಳು ಮಾತ್ರ ಒಲಿದವು. ಅಧ್ಯಕ್ಷ ಲಿಂಡನ್ ಜಾನ್ಸನ್ನರ ಪತ್ನಿ ಲೇಡಿ ಬರ್ಡ್ ಜಾನ್ಸನ್ ಮನಃಪೂರ್ವಕವಾಗಿ ಬೆಂಬಲಿಸಿದ ಹೆದ್ದಾರಿ ಸೌಂದರ್ಯ ಶಾಸನಕ್ಕೆ 1965ರ ಅಕ್ಟೋಬರ್ 22ರಂದು ಅಂಕಿತ ಬಿದ್ದಿತು. ರಸ್ತೆಯ ಅಂಚಿನಿಂದ 660 ಅಡಿಗಳೊಳಗೆ ಫಲಕಗಳನ್ನು ನಿಯಂತ್ರಿಸದ ರಾಜ್ಯವು ತನ್ನ ಹೆದ್ದಾರಿ ಅನುದಾನದ ಶೇಕಡಾ 10ನ್ನು ಕಳೆದುಕೊಳ್ಳತಕ್ಕದ್ದೆಂದು ವಿಧಿಸಿದ ಈ ಶಾಸನವೇ, ವಾಣಿಜ್ಯ ಮತ್ತು ಕೈಗಾರಿಕಾ ವಲಯಗಳಿಗೆ ವಿನಾಯಿತಿಯನ್ನೂ, ತೆಗೆಸುವ ಫಲಕಕ್ಕೆ ಪರಿಹಾರಧನವನ್ನೂ ಒಳಗೊಂಡಿದ್ದಿತು.

ಈ ಪರಿಹಾರದ ಷರತ್ತೇ ಊರುಗಳಿಗೆ ಕಂಟಕವಾಯಿತು. ಅದುವರೆಗೆ ಅನೇಕ ನಗರಗಳು ಫಲಕದ ಒಡೆಯನಿಗೆ ಹಾಕಿದ ಬಂಡವಾಳವನ್ನು ಹಿಂಪಡೆಯಲು ಕೆಲವು ವರ್ಷಗಳ ಅವಧಿಯನ್ನು ಕೊಟ್ಟು, ಅವಧಿ ತೀರಿದೊಡನೆ ಹಣ ಕೊಡದೆಯೇ ಫಲಕವನ್ನು ತೆಗೆಸುತ್ತಿದ್ದವು. 1978ರ ತಿದ್ದುಪಡಿಯು ಈ ಶಾಸನಕ್ಕೊಳಪಟ್ಟ ಹೆದ್ದಾರಿಗಳ ಬದಿಯಲ್ಲಿ, ನಗರವು ತನ್ನ ಸ್ವಂತ ಕಟ್ಟಳೆಯಂತೆ ತೆಗೆಸಿದರೂ ನಗದು ಪರಿಹಾರವನ್ನು ಕೊಡಲೇಬೇಕೆಂದಿತು. ಅದಕ್ಕೆ ಬೇಕಾದ ಹಣವನ್ನಾದರೋ ರಾಷ್ಟ್ರದ ಶಾಸನಸಭೆಯಾದ ಕಾಂಗ್ರೆಸ್ ಸಾಕಷ್ಟು ಒದಗಿಸಲಿಲ್ಲ. ಫಲಕಗಳನ್ನು ಕಡಮೆ ಮಾಡಲು ಹುಟ್ಟಿದ ಶಾಸನವು ನಿಂತಿರುವ ಫಲಕಗಳಿಗೆ ಕವಚವಾಗಿ ಪರಿಣಮಿಸಿತು. ‘ಸೀನಿಕ್ ಅಮೆರಿಕ’ ಎಂಬ ಪ್ರಜಾಸಂಸ್ಥೆಯೂ ಅದರ ಪ್ರಾಂತೀಯ ಶಾಖೆಗಳೂ ಕಾಲಾವಧಿಯ ಆ ಹಳೆಯ ಅಧಿಕಾರವನ್ನು ಊರುಗಳಿಗೆ ಹಿಂದಿರುಗಿಸಬೇಕೆಂದು ವಾದಿಸಿದುದು ನ್ಯಾಯವಾದುದೇ.

ರಾಷ್ಟ್ರದ ಶಾಸನಕ್ಕಿಂತ ಮುಂದೆ ಹೋದ ರಾಜ್ಯಗಳೂ ಉಂಟು. ಪ್ರವಾಸಿಗರನ್ನು ಬಹಳಷ್ಟು ಅವಲಂಬಿಸಿದ ವರ್ಮಾಂಟ್, ಫಲಕಗಳಿಲ್ಲದಿದ್ದರೆ ಅತಿಥಿಗಳು ದಾರಿ ಕಾಣರೆಂಬ ಹೋಟೆಲಿನವರ ಆತಂಕಕ್ಕೆ ಏಕರೂಪದ ಚಿಕ್ಕ ದಿಕ್ಸೂಚಕ ಹಲಗೆಗಳ ಸಮಾಧಾನವನ್ನು ಕಲ್ಪಿಸಿ, 1968ರಲ್ಲಿ ನಿಷೇಧವನ್ನು ವಿಧಿಸಿತು. ಮೇನ್ 1977ರಲ್ಲಿ ಅದನ್ನು ಅನುಸರಿಸಿತು. ಅಲಾಸ್ಕದಲ್ಲಿ 1998ರಲ್ಲಿ ಶೇಕಡಾ 70ಕ್ಕೂ ಹೆಚ್ಚು ಮತದಾರರು ನಿಷೇಧಕ್ಕೆ ಸಮ್ಮತಿಯಿತ್ತರು. ನಗರಗಳ ಪೈಕಿ ಹ್ಯೂಸ್ಟನ್ 1980ರಲ್ಲಿ ಹೊಸ ಫಲಕಗಳನ್ನು ನಿಷೇಧಿಸಿತು.

1981ರ ಸ್ಯಾನ್ ಡಿಯಾಗೊ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಸಂಚಾರದ ಸುರಕ್ಷತೆ, ನಗರದ ಚೆಲುವು ಎರಡೂ ಗಣ್ಯವಾದ ಉದ್ದೇಶಗಳೆಂದು ಒಪ್ಪಿದರೂ, ಆ ನಗರದ ಫಲಕಗಳ ಕಟ್ಟಳೆಯು ವಾಣಿಜ್ಯೇತರ ಸಂದೇಶಗಳಿಗೆ ವಾಣಿಜ್ಯ ಸಂದೇಶಗಳಿಗಿಂತ ಕಡಮೆ ಅವಕಾಶವನ್ನು ಕೊಟ್ಟಿತೆಂದು ಅದನ್ನು ರದ್ದುಪಡಿಸಿತು. ಬಳಿಕ ಬಂದವು ಕೆಲವೇ ಕ್ಷಣಗಳಿಗೊಮ್ಮೆ ಚಿತ್ರ ಬದಲಿಸುವ ಡಿಜಿಟಲ್ ಫಲಕಗಳು. 2007ರಲ್ಲಿ ಕೇಂದ್ರ ಹೆದ್ದಾರಿ ಆಡಳಿತವು ಇವಕ್ಕೆ ಎಡೆಗೊಟ್ಟುದನ್ನು ಪ್ರಶ್ನಿಸಿ ಸೀನಿಕ್ ಅಮೆರಿಕ ಹೂಡಿದ ದಾವೆ ಫಲಿಸಲಿಲ್ಲ. ಆದರೆ ಟೆಕ್ಸಸ್‌ನ ಆಸ್ಟಿನ್ ನಗರವು, ಅಂಗಡಿಯ ಆವರಣದಲ್ಲೇ ಇರುವ ಫಲಕಕ್ಕೂ ಬೇರೆಡೆಯ ಸರಕನ್ನು ಸಾರುವ ಫಲಕಕ್ಕೂ ಭೇದವೆಣಿಸಿ, ಎರಡನೆಯದನ್ನು ಡಿಜಿಟಲ್ ರೂಪಕ್ಕೆ ಪರಿವರ್ತಿಸಲು ಅನುಮತಿ ನಿರಾಕರಿಸಿದ ಪ್ರಕರಣದಲ್ಲಿ, ಸ್ಥಳಾಧಾರಿತವಾದ ಆ ಭೇದವು ವಾಕ್ಸ್ವಾತಂತ್ರ್ಯಕ್ಕೆ ತಾನಾಗಿ ವಿರುದ್ಧವಲ್ಲವೆಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯವು 6–3ರ ಬಹುಮತದಿಂದ ತೀರ್ಪಿತ್ತಿತು.