ಕಿರೀಟ ಇಳಿಸಿ ಆಸ್ಪತ್ರೆಗೆ ಹೋದ ರೀಟಾ ಫಾರಿಯಾ

ಮಿಸ್ ವರ್ಲ್ಡ್ ಎಂದರೆ ನಮ್ಮ ಮನೆಗಳಲ್ಲಿ ಮೊದಲು ಬರುವ ಹೆಸರು ಐಶ್ವರ್ಯಾ ರೈ. ಮಂಗಳೂರಿನಲ್ಲಿ ಹುಟ್ಟಿದವರು, ನಮ್ಮ ಕಡೆಯವರು ಎಂಬ ಅಭಿಮಾನ ಗಡಿಯ ಈಚೆ ಕಾಸರಗೋಡಿನಲ್ಲೂ ಇದೆ. ಅವರು ಗೆದ್ದದ್ದು 1994ರಲ್ಲಿ. ಅದಕ್ಕಿಂತ 28 ವರ್ಷ ಮೊದಲೇ ಗೋವಾ ಮೂಲದ ಕ್ಯಾಥೊಲಿಕ್ ಮನೆತನದ ಹುಡುಗಿಯೊಬ್ಬರು ಅದೇ ಕಿರೀಟ ತೊಟ್ಟಿದ್ದರು ಎಂಬುದು ನಮ್ಮ ಯುವಜನರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಹೆಸರು ರೀಟಾ ಫಾರಿಯಾ. ಭಾರತದಿಂದ ಮಾತ್ರವಲ್ಲ, ಇಡೀ ಏಷ್ಯಾದಿಂದಲೇ ಮೊದಲ ಮಿಸ್ ವರ್ಲ್ಡ್. ಗೆದ್ದಾಗ ಅವರು ಎಂಬಿಬಿಎಸ್ ವಿದ್ಯಾರ್ಥಿನಿ. ಒಂದು ವರ್ಷದ ಅವಧಿ ಮುಗಿದದ್ದೇ ಸಿನಿಮಾ, ಮಾಡೆಲಿಂಗ್ ಯಾವುದೂ ಬೇಡವೆಂದು ಮತ್ತೆ ವೈದ್ಯಕೀಯ ಪುಸ್ತಕ ಹಿಡಿದರು.

ಈಗಿನ ಸೌಂದರ್ಯ ಸ್ಪರ್ಧೆಗಳನ್ನು ನೋಡುವವರಿಗೆ ಒಂದು ವಿಷಯ ಗೊತ್ತಿರುತ್ತದೆ. ಸ್ಪರ್ಧಿ ಬರುವಾಗ ಕೈಯಲ್ಲೊಂದು ಸಮಾಜಸೇವೆಯ ಯೋಜನೆ ಇರಲೇಬೇಕು. ಶಾಲೆಗೆ ಶೌಚಾಲಯ, ಹಳ್ಳಿಗೆ ನೀರು, ಹೆಣ್ಣುಮಕ್ಕಳಿಗೆ ಅರಿವು. ವಿಡಿಯೋ ಬರುತ್ತದೆ, ಲೈಕ್ ಬೀಳುತ್ತದೆ. ಇದರಲ್ಲಿ ನಿಜವೆಷ್ಟು, ತೋರಿಕೆ ಎಷ್ಟು ಎಂದು ನಮ್ಮಲ್ಲೇ ವಾದ ನಡೆಯುವುದುಂಟು. ಅಂಥ ಯೋಜನೆಗಳನ್ನು ಯಾರೂ ಕೇಳದಿದ್ದ ಕಾಲದಲ್ಲಿ ಸೇವೆಯ ಮಾತನ್ನೂ ತನ್ನ ಆಸೆಯನ್ನೂ ಒಂದೇ ಉತ್ತರದಲ್ಲಿ ಹೇಳಿದವರು ರೀಟಾ. ಅವರ ಕಥೆ ಸ್ವಲ್ಪ ವಿವರವಾಗಿ ತಿಳಿಯುವಂಥದ್ದು.

ರೀಟಾ ಹುಟ್ಟಿದ್ದು 1943ರ ಆಗಸ್ಟ್‌ನಲ್ಲಿ, ಬೊಂಬಾಯಿಯಲ್ಲಿ. ಬೆಳೆದದ್ದು ಮಾಟುಂಗಾದಲ್ಲಿ. ಗೋವಾದವರು ಆ ಕಾಲದಲ್ಲಿ ಬೊಂಬಾಯಿಗೆ ಹೋಗುವುದು ನಮ್ಮವರು ಹೋದ ಹಾಗೆಯೇ: ಹಡಗಿನ ಕೆಲಸ, ಅಡಿಗೆ, ಹೊಲಿಗೆ, ಬ್ಯಾಂಡ್, ಟೈಪಿಂಗ್, ನರ್ಸಿಂಗ್. ಒಂದೊಂದು ಊರಿನವರು ಸೇರಿ ಧೋಬಿ ತಲಾವಿನ ಸುತ್ತ 'ಕೂಡ್' ಎಂದು ಕರೆಯುವ ಸಂಘದ ಕೋಣೆಗಳನ್ನು ಮಾಡಿಕೊಂಡಿದ್ದರು. ಹಡಗು ಸಿಗುವವರೆಗೆ ಅಲ್ಲೇ ವಾಸ, ಅಲ್ಲೇ ಸಂಜೆಯ ತೇರ್ಸ. ನಮ್ಮ ಹಿರಿಯರೂ ಗೋವಾದಿಂದ ದಕ್ಷಿಣಕ್ಕೆ ಇಳಿದು ಬಂದವರೇ ತಾನೇ. ಅವರು ಕೆಲವು ಶತಮಾನ ಮೊದಲೇ ಹೊರಟರು, ದಾರಿ ಬೇರೆ ಹಿಡಿದರು, ಅಷ್ಟೆ. ರೀಟಾ ಅವರದು ಶ್ರೀಮಂತ ಮನೆಯಲ್ಲ. ತಂದೆ ಕಾರ್ಖಾನೆಯೊಂದರಲ್ಲಿ ಉದ್ಯೋಗಿ, ತಾಯಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದರು. ಮಗಳು ಓದಿ ಗ್ರಾಂಟ್ ಮೆಡಿಕಲ್ ಕಾಲೇಜು ಸೇರಿದರು. 1845ರಲ್ಲಿ ಶುರುವಾದ, ಜೆ.ಜೆ. ಆಸ್ಪತ್ರೆಗೆ ಹೊಂದಿಕೊಂಡ ಆ ಕಾಲೇಜು ದೇಶದ ಅತ್ಯಂತ ಹಳೆಯ ವೈದ್ಯಕೀಯ ಕಾಲೇಜುಗಳಲ್ಲಿ ಒಂದು. ಅಲ್ಲಿ ಸೀಟು ಸಿಗುವುದು ಆಗಲೂ ಸುಲಭವಿರಲಿಲ್ಲ.

ಐದು ಅಡಿ ಎಂಟು ಅಂಗುಲ ಎತ್ತರದ ಈ ವಿದ್ಯಾರ್ಥಿನಿ 1966ರಲ್ಲಿ ಮೊದಲು ಮಿಸ್ ಬಾಂಬೆ ಗೆದ್ದರು, ಅದೇ ವರ್ಷ 'ಈವ್ಸ್ ವೀಕ್ಲಿ' ಪತ್ರಿಕೆ ನಡೆಸುತ್ತಿದ್ದ ಮಿಸ್ ಇಂಡಿಯಾ ಗೆದ್ದರು. ಮುಂದಿನ ನಿಲ್ದಾಣ ಲಂಡನ್.

ಆ ವರ್ಷ ನಮ್ಮ ದೇಶ ಹೇಗಿತ್ತು ಎಂದು ತಿಳಿಯದಿದ್ದರೆ ಈ ಪ್ರಯಾಣದ ಸ್ವಾರಸ್ಯ ಗೊತ್ತಾಗುವುದಿಲ್ಲ. 1966ರ ಜನವರಿಯಲ್ಲಿ ಇಂದಿರಾ ಗಾಂಧಿ ಪ್ರಧಾನಿಯಾದರು. ಮಳೆ ಕೈಕೊಟ್ಟಿತ್ತು, ಬಿಹಾರ ಬರಗಾಲಕ್ಕೆ ಸಿಕ್ಕಿತ್ತು, ಅಮೆರಿಕದ ಗೋಧಿ ಹಡಗಿನಲ್ಲಿ ಬಂದರೆ ಊಟ ಎಂಬ ಸ್ಥಿತಿ. ಜೂನ್ 6ರಂದು ಸರ್ಕಾರ ರೂಪಾಯಿಯ ಬೆಲೆ ಇಳಿಸಿತು. 4 ರೂಪಾಯಿ 76 ಪೈಸೆ ಇದ್ದ ಡಾಲರ್ ಒಂದೇ ದಿನಕ್ಕೆ 7 ರೂಪಾಯಿ 50 ಪೈಸೆಯಾಯಿತು. ವಿದೇಶಿ ಹಣ ಎಂದರೆ ಬಂಗಾರದ ಹಾಗೆ. ಆಗ ಇಂಗ್ಲೆಂಡಿಗೆ ಹೊರಟವರು ಕೈಯಲ್ಲಿ ಒಯ್ಯಬಹುದಾಗಿದ್ದದ್ದು ಬರೀ ಮೂರು ಪೌಂಡ್. ಹೊಸ ದರದಲ್ಲಿ ಲೆಕ್ಕ ಹಾಕಿದರೆ ಸುಮಾರು 63 ರೂಪಾಯಿ! ರೀಟಾ ಹೋದದ್ದೂ ಅಷ್ಟೇ ಹಣ ಇಟ್ಟುಕೊಂಡು. ಸೀರೆ ಗೆಳತಿಯದು. ಈಜುಡುಗೆ ಹಿಂದಿನ ವರ್ಷದ ಮಿಸ್ ಇಂಡಿಯಾ ಪರ್ಸಿಸ್ ಖಂಬಾಟಾ ಅವರದು. ಅದು ಇವರ ಎತ್ತರಕ್ಕೆ ಸರಿಹೊಂದಲಿಲ್ಲವಂತೆ. ಇದ್ದ ಮೂರು ಪೌಂಡೂ ಅಲ್ಲಿ ಬೇರೆ ಉಡುಗೆ, ಚಪ್ಪಲಿ ಕೊಳ್ಳುವುದಕ್ಕೆ ಖರ್ಚಾಯಿತು ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ನಮ್ಮ ಘಟಕದಲ್ಲಿ ನರ್ಸಿಂಗ್ ಓದುತ್ತಿರುವ ಹುಡುಗಿಯರಿಗೆ ಈ ಕಥೆ ಹೇಳಿದಾಗ ಅವರು ಕಿರೀಟದ ಬಗ್ಗೆ ಏನೂ ಕೇಳಲಿಲ್ಲ. ಕೈ ಖಾಲಿಯಾದ ಮೇಲೆ ಊಟಕ್ಕೇನು ಮಾಡಿದರು ಎಂದು ಕೇಳಿದರು. ಏಜೆನ್ಸಿಯ ಖರ್ಚು, ಟಿಕೆಟ್ ಖರ್ಚು ಎಂದು ಮನೆಯಲ್ಲಿ ದಿನಾ ಲೆಕ್ಕ ಕೇಳಿಸಿಕೊಳ್ಳುವವರು ಅವರು.

ಸ್ಪರ್ಧೆ ನಡೆದದ್ದು 1966ರ ನವೆಂಬರ್ 17ರಂದು, ಲಂಡನ್ನಿನ ಲೈಸಿಯಂ ಬಾಲ್‌ರೂಮಿನಲ್ಲಿ. 51 ದೇಶಗಳ ಸ್ಪರ್ಧಿಗಳು. ಸಂಜೆಯುಡುಗೆಯ ಸುತ್ತಿಗೆ ಎಲ್ಲರೂ ಗೌನು ತೊಟ್ಟರೆ ರೀಟಾ ಉಟ್ಟದ್ದು ಸೀರೆ, ಆ ವಿಭಾಗದ ಬಹುಮಾನವೂ ಅವರಿಗೇ ಬಂತು. ಆದರೆ ಜನರ ನೆನಪಿನಲ್ಲಿ ಉಳಿದದ್ದು ಒಂದು ಪ್ರಶ್ನೋತ್ತರ. ಡಾಕ್ಟರ್ ಯಾಕೆ ಆಗಬೇಕು ಎಂದು ಕೇಳಿದಾಗ, ಭಾರತಕ್ಕೆ ಇನ್ನೂ ಹೆಚ್ಚು ಹೆರಿಗೆ ಮತ್ತು ಸ್ತ್ರೀರೋಗ ತಜ್ಞರು ಬೇಕು ಎಂದರು. ನಿಮ್ಮಲ್ಲಿ ಮಕ್ಕಳು ಈಗಲೇ ಜಾಸ್ತಿಯಲ್ಲವೇ ಎಂದು ತಿರುಗಿ ಕೇಳಿದ್ದಕ್ಕೆ, ಅದನ್ನೇ ಕಡಿಮೆ ಮಾಡಬೇಕಾಗಿದೆ ಎಂಬರ್ಥದ ಉತ್ತರ ಕೊಟ್ಟರು.

ಕೇಳಲು ಸಣ್ಣ ಮಾತು. ಆದರೆ ಆ ಉತ್ತರದ ಹಿಂದೆ ಜೆ.ಜೆ. ಆಸ್ಪತ್ರೆಯ ವಾರ್ಡುಗಳಿದ್ದವು ಎಂದೇ ನಾವು ಭಾವಿಸುತ್ತೇವೆ. 1961ರ ಜನಗಣತಿಯ ಪ್ರಕಾರ ದೇಶದ ಜನಸಂಖ್ಯೆ 43.9 ಕೋಟಿ. ಹೆರಿಗೆ ಎಂದರೆ ಬಹುಪಾಲು ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲೇ. ನಮ್ಮ ಅಜ್ಜಿಯರನ್ನು ಕೇಳಿ ನೋಡಿ, ಎಷ್ಟು ಹೆತ್ತರು, ಎಷ್ಟು ಉಳಿದವು ಎಂದು ಎರಡು ಬೇರೆ ಬೇರೆ ಸಂಖ್ಯೆ ಹೇಳುತ್ತಾರೆ. ಒಂದರ ಹಿಂದೆ ಒಂದು ಹೆರಿಗೆಯಾದಾಗ ತಾಯಿಯ ಮೈಯಲ್ಲಿ ಕಬ್ಬಿಣದಂಶ ತುಂಬಿಕೊಳ್ಳಲು ಸಮಯ ಸಿಗುವುದಿಲ್ಲ. ರಕ್ತಹೀನತೆಯಿಂದ ಸೋತ ತಾಯಿಗೆ ಹೆರಿಗೆಯಲ್ಲಿ ರಕ್ತಸ್ರಾವವಾದರೆ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಹೆರಿಗೆ ಡಾಕ್ಟರರ ಕೆಲಸ ಮಗುವನ್ನು ಹೊರತೆಗೆಯುವುದಷ್ಟೇ ಅಲ್ಲ, ಎರಡು ಮಕ್ಕಳ ನಡುವೆ ಅಂತರವಿರುವಂತೆ ನೋಡುವುದೂ ಹೌದು. ಇದು ತಿಳಿದವರಿಗೆ ಮಾತ್ರ ಆ ಎರಡು ಉತ್ತರಗಳಲ್ಲಿ ವಿರೋಧ ಕಾಣುವುದಿಲ್ಲ.

ಕ್ಯಾಥೊಲಿಕ್ ಹುಡುಗಿಯೊಬ್ಬರು ಆ ವರ್ಷ ಲೋಕದ ಮುಂದೆ ಹೀಗೆ ಹೇಳಿದ್ದು ಸಾಮಾನ್ಯ ಸಂಗತಿಯಲ್ಲ. ಭಾರತ ಸರ್ಕಾರ 1952ರಿಂದಲೇ ಕುಟುಂಬ ಯೋಜನೆ ನಡೆಸುತ್ತಿತ್ತು, 1966ರಲ್ಲಿ ಅದಕ್ಕಾಗಿ ಪ್ರತ್ಯೇಕ ಇಲಾಖೆಯನ್ನೇ ಮಾಡಿತು. ಅದೇ ಸಮಯದಲ್ಲಿ ರೋಮಿನಲ್ಲಿ ಪೋಪರು ನೇಮಿಸಿದ ಆಯೋಗ ಇದೇ ವಿಷಯವನ್ನು ಚರ್ಚಿಸುತ್ತಿತ್ತು. ಕೃತಕ ಸಂತಾನ ನಿಯಂತ್ರಣವನ್ನು ಒಪ್ಪದ ಆರನೆಯ ಪಾವ್ಲ್ ಅವರ ವಿಶ್ವಪತ್ರ ಬಂದದ್ದು 1968ರ ಜುಲೈನಲ್ಲಿ. ಅಂದರೆ ರೀಟಾ ಮಾತಾಡಿದಾಗ ಆ ಚರ್ಚೆ ಇನ್ನೂ ಮುಗಿದಿರಲಿಲ್ಲ. ಅವರು ಯಾವ ವಿಧಾನದ ಹೆಸರನ್ನೂ ಎತ್ತಲಿಲ್ಲ, ಸಮಸ್ಯೆಯನ್ನು ಮಾತ್ರ ನೇರವಾಗಿ ಹೇಳಿದರು. ನಮ್ಮಲ್ಲಿ ಇವತ್ತಿಗೂ ಮದುವೆ ತಯಾರಿಯ ಕೋರ್ಸಿನಲ್ಲಿ ಈ ವಿಷಯ ಬಂದಾಗ ಎಲ್ಲರೂ ನೆಲ ನೋಡುತ್ತೇವೆ.

ಗೆದ್ದ ಮರುತಿಂಗಳೇ ಒಂದು ತೊಡಕು. ಅಮೆರಿಕದ ಹಾಸ್ಯನಟ ಬಾಬ್ ಹೋಪ್ ಪ್ರತಿ ಕ್ರಿಸ್ಮಸಿಗೆ ಯುದ್ಧಭೂಮಿಯ ಸೈನಿಕರಿಗೆ ಮನರಂಜನೆ ಕೊಡಲು ತಂಡ ಕಟ್ಟಿಕೊಂಡು ಹೋಗುತ್ತಿದ್ದರು. 1966ರ ಡಿಸೆಂಬರ್‌ನಲ್ಲಿ ಮಿಸ್ ವರ್ಲ್ಡ್ ಆಗಿ ರೀಟಾ ಕೂಡ ವಿಯೆಟ್ನಾಮಿಗೆ ಹೋದರು. ಭಾರತ ಸರ್ಕಾರಕ್ಕೆ ಇದು ಹಿಡಿಸಲಿಲ್ಲ. ಕಾರಣ ಇತ್ತು: 1954ರ ಜಿನೀವಾ ಒಪ್ಪಂದದ ನಂತರ ವಿಯೆಟ್ನಾಮಿನ ಮೇಲೆ ಕಣ್ಣಿಡಲು ಮಾಡಿದ ಅಂತಾರಾಷ್ಟ್ರೀಯ ಆಯೋಗಕ್ಕೆ ಭಾರತವೇ ಅಧ್ಯಕ್ಷ, ಕೆನಡಾ ಮತ್ತು ಪೋಲೆಂಡ್ ಸದಸ್ಯರು. ಯಾರ ಪಕ್ಷವನ್ನೂ ಹಿಡಿಯದ ದೇಶದ ಮಗಳು ಒಂದು ಪಕ್ಷದ ಸೈನ್ಯದ ವೇದಿಕೆಯಲ್ಲಿ ನಿಂತಿದ್ದು ದೆಹಲಿಗೆ ಮುಜುಗರ. 23 ವಯಸ್ಸಿನ ಹುಡುಗಿಗೆ ಅಲ್ಲಿ ಕಂಡದ್ದು ಬಹುಶಃ ಮನೆಯಿಂದ ದೂರವಿದ್ದ, ತನ್ನದೇ ಪ್ರಾಯದ ಹುಡುಗರು. ದೆಹಲಿಯವರದ್ದೂ ತಪ್ಪಲ್ಲ ಎಂದು ನಮಗನಿಸುತ್ತದೆ. ಕಿರೀಟ ತೊಟ್ಟವರ ಸೇವೆಯನ್ನು ಬೇರೆಯವರು ತಮ್ಮ ಕೆಲಸಕ್ಕೆ ಎಷ್ಟು ಸುಲಭವಾಗಿ ಬಳಸಿಕೊಳ್ಳಬಹುದು ಎಂಬುದಕ್ಕೆ ಇದೊಂದು ಉದಾಹರಣೆ.

ಒಂದು ವರ್ಷ ಉದ್ಘಾಟನೆ, ಪ್ರವಾಸ, ಫೋಟೋ. 1967ರ ನವೆಂಬರ್‌ನಲ್ಲಿ ಪೆರು ದೇಶದ ಸ್ಪರ್ಧಿಗೆ ಕಿರೀಟ ಒಪ್ಪಿಸಿದ ಮೇಲೆ ರೀಟಾ ಲಂಡನ್ನಿನ ಕಿಂಗ್ಸ್ ಕಾಲೇಜು ಆಸ್ಪತ್ರೆಯಲ್ಲಿ ವೈದ್ಯಕೀಯ ಓದು ಮುಂದುವರಿಸಿದರು. ಅಲ್ಲೇ ಪರಿಚಯವಾದ ವೈದ್ಯ ಡೇವಿಡ್ ಪವೆಲ್ ಅವರನ್ನು 1971ರಲ್ಲಿ ಮದುವೆಯಾದರು. 1973ರಲ್ಲಿ ಇಬ್ಬರೂ ಐರ್ಲೆಂಡಿನ ಡಬ್ಲಿನ್‌ಗೆ ಹೋದರು, ಅಲ್ಲೇ ನೆಲೆಸಿದರು. ಇಬ್ಬರು ಹೆಣ್ಣುಮಕ್ಕಳು. ಸಿನಿಮಾದಲ್ಲಿ ಅವರ ಹೆಸರು ಹುಡುಕಿದರೆ ಸಿಗುವುದಿಲ್ಲ. 1998ರಲ್ಲಿ ಫೆಮಿನಾ ಮಿಸ್ ಇಂಡಿಯಾಕ್ಕೆ ತೀರ್ಪುಗಾರರಾಗಿ ಬಂದುಹೋದರು, ಅಂಥ ಸಂದರ್ಭ ಬಿಟ್ಟರೆ ಬೆಳಕಿನಿಂದ ದೂರವೇ ಇದ್ದರು.

ಇಲ್ಲಿ ನಮಗೆ ಒಂದು ಪ್ರಶ್ನೆ ಎದುರಾಗುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಭಾರತಕ್ಕೆ ಹೆರಿಗೆ ಡಾಕ್ಟರರು ಬೇಕು ಎಂದವರು ಕೊನೆಗೆ ಬಾಳಿದ್ದು ಐರ್ಲೆಂಡಿನಲ್ಲಿ. ಹಾಗಾದರೆ ಆ ಉತ್ತರ ವೇದಿಕೆಯ ಮಾತು ಮಾತ್ರವೇ? ಹಾಗೆ ಹೇಳುವವರಿದ್ದಾರೆ. ನಾವು ಅಷ್ಟು ಬೇಗ ಹೇಳಲಾರೆವು. ಕಾಸರಗೋಡು, ಮಂಗಳೂರಿನಿಂದ ನರ್ಸಿಂಗ್ ಮುಗಿಸಿದ ನಮ್ಮ ಅಕ್ಕ ತಂಗಿಯರು ಇಂದು ಅದೇ ಡಬ್ಲಿನ್ನಿನಲ್ಲಿ, ಕೊಲ್ಲಿ ದೇಶಗಳಲ್ಲಿ, ಇಸ್ರೇಲಿನಲ್ಲಿ ಕೆಲಸ ಮಾಡುತ್ತಿದ್ದಾರೆ. ಅವರು ಕಳಿಸಿದ ಹಣದಿಂದ ಇಲ್ಲಿ ತಮ್ಮಂದಿರ ಓದು, ಮನೆಯ ಮಾಡು, ಅಪ್ಪನ ಡಯಾಲಿಸಿಸ್. ಅವರನ್ನು ಊರು ಬಿಟ್ಟವರು ಎಂದು ಜರಿಯುವುದು ನಮ್ಮಿಂದಾಗದು.

ಆದರೂ ಊರಿನ ಲೆಕ್ಕ ಬೇರೆ. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ, ಬೇರೆ ರಸ್ತೆಗಳಿಗೆ ಮಣ್ಣು ಸುರಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಜಿಲ್ಲೆಯ ರೋಗಿಗಳು ಆಂಬುಲೆನ್ಸಿನಲ್ಲೇ ಹಿಂದಿರುಗಿದರು. ಚಿಕಿತ್ಸೆ ಸಿಗದೆ ಹಲವರು ತೀರಿಹೋದರು. ಉಕ್ಕಿನಡ್ಕದ ಸರ್ಕಾರಿ ಮೆಡಿಕಲ್ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರಲ್ಲಿ. ಏಳು ವರ್ಷವಾದರೂ ಪೂರ್ತಿ ಕಾಲೇಜಾಗದ ಆ ಕಟ್ಟಡವನ್ನು ಆ ಏಪ್ರಿಲಿನಲ್ಲಿ ಅವಸರವಾಗಿ ಕೋವಿಡ್ ಆಸ್ಪತ್ರೆ ಮಾಡಬೇಕಾಯಿತು. ರೀಟಾ 1966ರಲ್ಲಿ ಹೇಳಿದ ಕೊರತೆ ನಮ್ಮ ಪಾಲಿಗೆ ಹಳೆಯ ಮಾತಾಗಿಲ್ಲ.

ಸ್ಪರ್ಧೆಗಳು ಆಮೇಲೆ ಬದಲಾದವು. 1970ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮಿಸ್ ವರ್ಲ್ಡ್ ನಡೆಯುವಾಗ, ಹೆಣ್ಣನ್ನು ದನದ ಸಂತೆಯಲ್ಲಿ ನಿಲ್ಲಿಸಿದ ಹಾಗೆ ನಿಲ್ಲಿಸುತ್ತೀರಿ ಎಂದು ಮಹಿಳಾ ಹೋರಾಟಗಾರರು ಹಿಟ್ಟಿನ ಪೊಟ್ಟಣ ಎಸೆದರು. ಆಗ ವೇದಿಕೆಯಲ್ಲಿದ್ದವರು ಅದೇ ಬಾಬ್ ಹೋಪ್. ಎರಡು ವರ್ಷದ ನಂತರ, 1972ರಲ್ಲಿ, 'ಬ್ಯೂಟಿ ವಿತ್ ಎ ಪರ್ಪಸ್' ಎಂಬ ಸೇವಾ ಕಾರ್ಯಕ್ರಮ ಶುರುವಾಯಿತು. ಸಮಾಜಸೇವೆ ಸ್ಪರ್ಧೆಯ ಅಂಗವಾಗತೊಡಗಿದ್ದು ಹೀಗೆ. ಟೀಕೆಗೆ ಕೊಟ್ಟ ಉತ್ತರವೋ ನಿಜವಾದ ಕಾಳಜಿಯೋ, ಎರಡೂ ಸೇರಿರಬಹುದು. 1996ರಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಸ್ಪರ್ಧೆ ನಡೆದಾಗ ಪ್ರೊ. ನಂಜುಂಡಸ್ವಾಮಿಯವರ ರೈತ ಸಂಘದಿಂದ ಹಿಡಿದು ಮಹಿಳಾ ಸಂಘಟನೆಗಳವರೆಗೆ ವಿರೋಧ ಎಷ್ಟಿತ್ತೆಂದರೆ, ಈಜುಡುಗೆಯ ಸುತ್ತನ್ನು ಸೆಶೆಲ್ಸ್ ದ್ವೀಪಕ್ಕೆ ಒಯ್ಯಬೇಕಾಯಿತು. ನಮ್ಮ ತಂದೆ ತಾಯಂದಿರಿಗೆ ಆ ಗಲಾಟೆ ನೆನಪಿದೆ; ಸ್ಪರ್ಧೆ ಗೆದ್ದ ಗ್ರೀಸಿನ ಹುಡುಗಿಯ ಹೆಸರು ಮಾತ್ರ ಯಾರಿಗೂ ನೆನಪಿಲ್ಲ.

ರೀಟಾ ಗೆದ್ದು 51 ವರ್ಷವಾದ ಮೇಲೆ, 2017ರಲ್ಲಿ, ಇನ್ನೊಬ್ಬ ಭಾರತೀಯ ವೈದ್ಯಕೀಯ ವಿದ್ಯಾರ್ಥಿನಿ ಮಿಸ್ ವರ್ಲ್ಡ್ ಆದರು. ಹರಿಯಾಣದ ಮಾನುಷಿ ಛಿಲ್ಲರ್. ಮುಟ್ಟಿನ ಸಮಯದ ಸ್ವಚ್ಛತೆಯ ಕುರಿತು 'ಶಕ್ತಿ' ಹೆಸರಿನ ಯೋಜನೆ ಮಾಡಿ ಸೇವಾ ವಿಭಾಗದಲ್ಲೂ ಗೆದ್ದಿದ್ದರು. ಅವರು ಮುಂದೆ ಹಿಂದಿ ಸಿನಿಮಾಕ್ಕೆ ಹೋದರು. ಅದು ಅವರ ಆಯ್ಕೆ, ಅದರಲ್ಲಿ ಕೆಡುಕೇನಿಲ್ಲ. ರೀಟಾ ಹಿಡಿದ ದಾರಿಗೆ ಹತ್ತಿರ ಬಂದವರು ಇನ್ನೊಬ್ಬರು, ಕಲ್ಕತ್ತಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆದ ಡಾ. ಭಾಷಾ ಮುಖರ್ಜಿ, 2019ರ ಮಿಸ್ ಇಂಗ್ಲೆಂಡ್. ಸೇವಾ ಪ್ರವಾಸಕ್ಕಾಗಿ ಭಾರತಕ್ಕೆ ಬಂದಿದ್ದಾಗ ಕೋವಿಡ್ ಹಬ್ಬಿತು. ತಾವು ಮೊದಲು ದುಡಿಯುತ್ತಿದ್ದ ಬಾಸ್ಟನ್ ಪಟ್ಟಣದ ಪಿಲ್ಗ್ರಿಮ್ ಆಸ್ಪತ್ರೆಗೆ, ಬರುತ್ತೇನೆ ಎಂದು ತಿಳಿಸಿದರು. 2020ರ ಏಪ್ರಿಲ್ ಮೊದಲ ವಾರ ಇಂಗ್ಲೆಂಡಿಗೆ ಮರಳಿ, ಕಿರೀಟ ಬದಿಗಿಟ್ಟು, ಎರಡು ವಾರ ಪ್ರತ್ಯೇಕವಾಗಿದ್ದು ಡ್ಯೂಟಿಗೆ ಹೋದರು.