ಕೋಲಾರ ಚಿನ್ನದ ಗಣಿ ಪ್ರದೇಶದ ಕೆರೆ ಹೂಳು: ಮಾದರಿ ಸಂಗ್ರಹ ಮತ್ತು ಹಿನ್ನೆಲೆ ಮಟ್ಟದ ಪ್ರಶ್ನೆ

ಕರಾವಳಿಯ ಮಾಲಿನ್ಯವನ್ನು ಅಳೆಯಲು ಕಡಲತಳದ ಕೆಸರನ್ನು ಪರೀಕ್ಷಿಸುವುದು ರೂಢಿ. ನೀರಿನ ಮಾದರಿ ಆ ಹೊತ್ತಿನ ಸ್ಥಿತಿಯನ್ನಷ್ಟೇ ತಿಳಿಸುತ್ತದೆ; ಕೆಸರಿನಲ್ಲಿ ಹಲವು ವರ್ಷಗಳ ಶೇಖರಣೆ ಉಳಿದಿರುತ್ತದೆ. ಈ ಪದ್ಧತಿಯನ್ನು ಕೆ.ಜಿ.ಎಫ್.–ಬಂಗಾರಪೇಟೆ ಭಾಗದ ಕೆರೆಗಳಿಗೆ ಅನ್ವಯಿಸುವಾಗ, ಯಾವುದಕ್ಕೆ ಹೋಲಿಸಿ ಮಾಲಿನ್ಯವೆನ್ನಬೇಕು ಎಂಬುದೇ ಮೊದಲ ತೊಡಕು. ಹೋಲಿಕೆಯ ಈ ಮಟ್ಟವನ್ನು, ಅಂದರೆ ಹಿನ್ನೆಲೆ ಮಟ್ಟವನ್ನು, ಇದೇ ನೆಲದಿಂದ ಪಡೆಯಬೇಕೆಂಬುದು ಈ ಲೇಖನದ ವಾದ.

1. ಕ್ಷೇತ್ರ

1880ರಿಂದ ಜಾನ್ ಟೇಲರ್ ಕಂಪನಿ ನಡೆಸಿದ ಗಣಿಗಳು ಮುಂದೆ ಸರ್ಕಾರದ ವಶಕ್ಕೆ ಬಂದು, 2001ರ ಫೆಬ್ರವರಿ 28ರಂದು ಮುಚ್ಚಿದವು. ಅರೆದ ಅದಿರಿನಿಂದ ಚಿನ್ನ ತೆಗೆದ ಮೇಲೆ ಉಳಿದ ಮೂರು ಕೋಟಿ ಟನ್ನಿಗೂ ಮಿಕ್ಕಿದ ಪುಡಿ ‘ಸೈನೈಡ್ ಗುಡ್ಡ’ಗಳಾಗಿ ನಿಂತಿದೆ. ಬಿಸಿಲು ಗಾಳಿಗೆ ಸೈನೈಡ್ ಬಹುಮಟ್ಟಿಗೆ ವಿಘಟನೆಗೊಳ್ಳುತ್ತದೆ, ಲೋಹಗಳು ಹಾಗಲ್ಲ. ಅವು ಬೇಸಿಗೆಯಲ್ಲಿ ಧೂಳಿನೊಂದಿಗೆ, ಮಳೆಗಾಲದಲ್ಲಿ ಕೊರಕಲುಗಳ ಮೂಲಕ ತಗ್ಗಿಗೆ ಸೇರುತ್ತವೆ.

2. ಮಾದರಿ ಸಂಗ್ರಹ

ಕಾಲುವೆ ಕೆರೆಗೆ ಸೇರುವ ಕಡೆ ಮರಳು ನಿಲ್ಲುತ್ತದೆ, ಏರಿಯ ಬಳಿ ಜೇಡಿ ಕೂರುತ್ತದೆ. ಲೋಹಗಳು ಸೂಕ್ಷ್ಮ ಕಣಗಳಿಗೇ ಹೆಚ್ಚು ಅಂಟುವುದರಿಂದ, ಎಲ್ಲ ಮಾದರಿಗಳನ್ನೂ 63 ಮೈಕ್ರಾನ್ ನೈಲಾನ್ ಜರಡಿಯಲ್ಲಿ ಸೋಸಿಯೇ ಹೋಲಿಸಬೇಕು. ಪದರಗಳನ್ನು ಅಧ್ಯಯನ ಮಾಡಲು ಪಿವಿಸಿ ಕೊಳವೆಯನ್ನು ನೆಟ್ಟಗೆ ಒತ್ತಿ ಹೂಳಿನ ಕಂಬ ತೆಗೆಯಬಹುದು. ಆದರೆ ಕಡಲತಳಕ್ಕಿಲ್ಲದ ಎರಡು ಅಡಚಣೆಗಳು ಇಲ್ಲಿವೆ: ಒಣಗಿದ ಕೆರೆಯಂಗಳ ಬಿರುಕು ಬಿಟ್ಟಾಗ ಮೇಲಿನ ಧೂಳು ಆಳಕ್ಕಿಳಿಯುತ್ತದೆ, ರೈತರು ಗೋಡುಮಣ್ಣನ್ನು ಹೊಲಕ್ಕೆ ಸಾಗಿಸಿದ ಕಡೆ ಪದರಗಳೇ ಇರುವುದಿಲ್ಲ. ಎಲ್ಲಿ ಮಣ್ಣು ತೆಗೆದಿಲ್ಲವೆಂದು ಊರಿನವರನ್ನು ಕೇಳಿಯೇ ಜಾಗ ಗೊತ್ತುಮಾಡಬೇಕು.

3. ಹಿನ್ನೆಲೆ ಮಟ್ಟ

ಕೆಸರಿನ ಮಾಲಿನ್ಯ ಅಳೆಯಲು ಮುಲ್ಲರ್ 1969ರಲ್ಲಿ ಸೂಚಿಸಿದ ಸೂಚ್ಯಂಕದಲ್ಲಿ, ಮಾದರಿಯ ಲೋಹಾಂಶವನ್ನು ಹಿನ್ನೆಲೆ ಮಟ್ಟದ ಒಂದೂವರೆ ಪಟ್ಟಿನಿಂದ ಭಾಗಿಸಿ, ಎರಡನ್ನು ಆಧಾರವಾಗಿಟ್ಟು ಲಾಗರಿದಮ್ ತೆಗೆಯುತ್ತಾರೆ. ಸಾಮಾನ್ಯವಾಗಿ ಬಳಸುವ ಹಿನ್ನೆಲೆ 1961ರ ಟ್ಯುರೇಕಿಯನ್–ವೆಡೆಪೋಲ್ ಪಟ್ಟಿಯ ಜೇಡಿಶಿಲೆಯ ಸರಾಸರಿ: ನಿಕ್ಕಲ್ 68 ಪಿಪಿಎಂ. ಅದೇ ಪಟ್ಟಿಯಲ್ಲಿ ಬಸಾಲ್ಟಿಗೆ 130. ಕೋಲಾರದ ಷಿಸ್ಟ್ ಪಟ್ಟಿಯ ಆಂಫಿಬೊಲೈಟ್, ಬಸಾಲ್ಟ್ ಬಗೆಯ ಶಿಲೆ ರೂಪಾಂತರಗೊಂಡದ್ದೇ. 130 ಪಿಪಿಎಂ ನಿಕ್ಕಲ್ ಇರುವ ಮಣ್ಣಿಗೆ ಜೇಡಿಶಿಲೆಯ ಹಿನ್ನೆಲೆ ಹಿಡಿದರೆ ಸೂಚ್ಯಂಕ 0.35 ಬರುತ್ತದೆ, ಗಣಿಯ ಸೋಂಕಿಲ್ಲದಿದ್ದರೂ ಅದು ಮಾಲಿನ್ಯದ ಮೊದಲ ಮೆಟ್ಟಿಲಿಗೆ ಸೇರುತ್ತದೆ. ಪಶ್ಚಿಮಕ್ಕೆ ನೈಸ್ ಶಿಲೆಯ ಮೇಲಿರುವ ಬಂಗಾರಪೇಟೆಯ ಕೆರೆಯನ್ನು ಹೋಲಿಕೆಗೆ ತಂದರೂ ಇದೇ ಎಡವಟ್ಟು.

ಆದ್ದರಿಂದ ಷಿಸ್ಟ್ ಪಟ್ಟಿಯೊಳಗೇ ಇದ್ದು ಗುಡ್ಡಗಳಿಂದ ದೂರವಿರುವ ಕೆರೆಯ ಮಣ್ಣನ್ನೂ, ಕೆದಕದ ಹೂಳಿನ ತಳಪದರವನ್ನೂ ಹಿನ್ನೆಲೆಯಾಗಿ ಹಿಡಿಯುವುದು ಯುಕ್ತ. ಅದಿರಿನ ಜೊತೆ ಬರುವ ಆರ್ಸೆನಿಕ್ ಮತ್ತು ಟಂಗ್‌ಸ್ಟನ್ ಗುರುತುಗಳಾಗಿ ನಿಕ್ಕಲ್‌ಗಿಂತ ನಂಬಲರ್ಹ.

4. ಉಪಸಂಹಾರ

2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಹರಿದ ಕೆರೆಗಳಲ್ಲಿ ಮೇಲಿನ ಪದರಕ್ಕೆ ಬೆಂಗಳೂರಿನ ಪಾಲೂ ಕೂಡಿದೆ. ಅದನ್ನು ಬೇರೆಯಾಗಿಯೇ ವಿಶ್ಲೇಷಿಸಬೇಕು. ಹಿನ್ನೆಲೆ ತಪ್ಪಿದರೆ ಒಳ್ಳೆಯ ಗೋಡು ವಿಷವೆನಿಸಿಕೊಳ್ಳಬಹುದು, ಕೆಟ್ಟದ್ದು ಹೊಲ ಸೇರಬಹುದು. ಹೂಳೆತ್ತುವ ಮುನ್ನ ಈ ಪರೀಕ್ಷೆ ನಡೆಯುವುದು ಅಗತ್ಯ.