ಮಡ್ಡಿಯ ಫೋಟೋ, ಕಾಕಾನ ಫೋನು

ಇವತ್ತಿನ ಕತೆ ಶುರುವಾಗೋದು ನಾನೇ ತೆಗೆದ ಒಂದು ಫೋಟೋದಿಂದ.

ಕಳೆದ ಡಿಸೆಂಬರ್‌ನಲ್ಲಿ ತಿಕೋಟಾಕ್ಕೆ ಹೋಗಿದ್ದೆ. ಬೆಳಿಗ್ಗೆ ಇನ್ನೂ ಏಳು ಹೊಡೆದಿರಲಿಲ್ಲ, ಒಳ್ಳೇ ಥಂಡಿ. ಊರಾಚೆಯ ಮಡ್ಡಿ ಮೇಲೆ ನಿಂತು ಮೊಬೈಲ್ ಎತ್ತಿದೆ. ಕೆಂಪು ಸೂರ್ಯ, ಗರಸು ನೆಲ, ಒಂದೇ ಒಂದು ಜಾಲಿ ಗಿಡ. ಎಡಗಡೆ ಒಣದ್ರಾಕ್ಷಿ ಶೆಡ್ ಬಂದಿತ್ತು, ಕ್ರಾಪ್ ಮಾಡಿದೆ. ಬಲಗಡೆ ಒಂದು ಕೃಷಿ ಹೊಂಡ, ಅದನ್ನೂ ತೆಗೆದೆ. ‘ನಮ್ಮ ಕರ್ನಾಟಕದ ಮರುಭೂಮಿ’ ಅಂತ ಬರೆದು ಸ್ಟೇಟಸ್ ಹಾಕಿದೆ.

ಹತ್ತು ನಿಮಿಷದಲ್ಲಿ ಕಾಕಾನ ಫೋನು.

“ಏ ತಮ್ಮಾ, ನಮ್ಮ ಹೊಲಾನ ಮರುಭೂಮಿ ಮಾಡಿಯಲ್ಲೋ! ಶೆಡ್ ಎಲ್ಲಿ ಹೋತು? ಹೊಂಡ ಎಲ್ಲಿ ಹೋತು? ನಾಳೆ ನಿಮ್ಮಣ್ಣಗ ಹೆಣ್ಣ ಕೊಡಾಕ ಬರೋರು ಇದನ್ನ ನೋಡಿದ್ರ ಏನಂದಾರು?”

ನಾನು ನಕ್ಕೆ. ಕಾಕಾ ನಗಲಿಲ್ಲ. ಬೋರ್‌ವೆಲ್ ಬತ್ತಿದಾಗ ಎರಡು ಬ್ಯಾಸಗಿ ಟ್ಯಾಂಕರ್ ನೀರು ಕೊಂಡು ದ್ರಾಕ್ಷಿ ಬಳ್ಳಿ ಉಳಿಸಿದ ಮನುಷ್ಯ ಅವರು. ಆ ಸಾಲ ತೀರಿಸಲು ಎಷ್ಟು ವರ್ಷ ಹಿಡಿಯಿತು ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು. ಸ್ಟೇಟಸ್ ಡಿಲೀಟ್ ಮಾಡಿದೆ. ಆದರೆ ಒಂದು ಪ್ರಶ್ನೆ ತಲೆಯಲ್ಲೇ ಉಳಿಯಿತು: ಈ ನೆಲ ನಿಜವಾಗಲೂ ಖಾಲಿನಾ, ಅಥವಾ ಖಾಲಿ ಅಂತ ತೋರಿಸ್ತಾ ಬಂದಿದೀವಾ?

ಮೊದಲು ಲೆಕ್ಕ ನೋಡೋಣ. ಸಾಮಾನ್ಯವಾಗಿ ವರ್ಷಕ್ಕೆ 250 ಮಿ.ಮೀ.ಗಿಂತ ಕಡಿಮೆ ಮಳೆ ಬೀಳೋ ಜಾಗವನ್ನು ಮರುಭೂಮಿ ಅಂತಾರೆ. ವಿಜಯಪುರದ ಸರಾಸರಿ 500 ಮಿ.ಮೀ.ಗಿಂತ ಹೆಚ್ಚು. ಸಹ್ಯಾದ್ರಿ ಮೋಡಗಳನ್ನು ತಡೆಯೋದ್ರಿಂದ ನಮಗೆ ಸಿಗೋದು ಉಳಿದ ಮಳೆ, ಅದೂ ನಂಬಿಕೆ ಇಲ್ಲದ್ದು. ಮಡ್ಡಿ ಮೇಲೆ ಮಣ್ಣಿನ ಪದರ ತೆಳು, ಕೆಳಗೆ ಕಲ್ಲು. ಆದರೆ ಅದೇ ಚಳಿಗಾಲದಲ್ಲಿ ಡೋಣಿ ನದಿ ಬಯಲಿನ ಎರೆ ಹೊಲಕ್ಕೆ ಹೋದರೆ ಬಿಳಿಜೋಳ ಎದೆಮಟ್ಟ ನಿಂತಿರುತ್ತೆ.

ಇನ್ನು ಇತಿಹಾಸ. ಈ ನೆಲವನ್ನು ಒಂದು ಸಲ ಬೇಕಂತಲೇ ಬರಡು ಮಾಡಿದ್ದರು. ಅದೂ ಡಿಸೆಂಬರ್‌ನಲ್ಲೇ, 1665ರಲ್ಲಿ. ಔರಂಗಜೇಬನ ಸೇನಾಪತಿ ಮಿರ್ಜಾ ರಾಜಾ ಜಯಸಿಂಹ ಬಿಜಾಪುರದ ಮೇಲೆ ದಂಡೆತ್ತಿ ಬಂದ. ಆಗಷ್ಟೇ ಪುರಂದರದ ಒಪ್ಪಂದ ಮಾಡಿಕೊಂಡಿದ್ದ ಶಿವಾಜಿಯೂ ಜೊತೆಗಿದ್ದ. ಊರು ಬೇಗ ಕೈಗೆ ಸಿಗುತ್ತೆ ಅಂದುಕೊಂಡು ದೊಡ್ಡ ತೋಪುಗಳನ್ನು ಹಿಂದೆಯೇ ಬಿಟ್ಟು ಬಂದಿದ್ದರು.

ಎರಡನೇ ಅಲಿ ಆದಿಲ್‌ಶಾಹನ ಕಡೆಯವರು ಏನು ಮಾಡಿದರು ಗೊತ್ತಾ? ಇತಿಹಾಸಕಾರ ಜದುನಾಥ ಸರ್ಕಾರ್ ಇದನ್ನು ಬರೆದಿದ್ದಾರೆ. ನವರಸಪುರ ಮತ್ತು ಶಾಹಪುರದ ಕೆರೆಗಳನ್ನು ಬರಿದು ಮಾಡಿದರು. ಸುತ್ತಲಿನ ಬಾವಿಗಳನ್ನು ಕೆಡಿಸಿದರು. ಕೋಟೆಯಿಂದ ಐದಾರು ಮೈಲಿವರೆಗೆ ಮರಗಳನ್ನು ಕಡಿದುಹಾಕಿದರು. ಮೊಘಲ್ ಸೈನ್ಯಕ್ಕೆ ನೀರಿಲ್ಲ, ಮೇವಿಲ್ಲ. 1666ರ ಜನವರಿ ಮೊದಲ ವಾರದಲ್ಲೇ ಜಯಸಿಂಹ ಹಿಂದೆ ಸರಿದ. ಊರು ಉಳಿಯಿತು. ಆದರೆ ಆ ಬಾವಿ, ಆ ಮರ ಯಾರದ್ದು? ಹಳ್ಳಿಯವರದ್ದು. ರಾಜಧಾನಿ ಉಳಿಸಿದ ಖರ್ಚು ಕೊಟ್ಟವರು ಅವರು. ಇಷ್ಟೆಲ್ಲ ಮಾಡಿದ್ದು ಕೊನೆಗೆ ಗಳಿಸಿಕೊಟ್ಟಿದ್ದು ಇಪ್ಪತ್ತು ವರ್ಷ. 1686ರ ಸೆಪ್ಟೆಂಬರ್‌ನಲ್ಲಿ ಔರಂಗಜೇಬ್ ತಾನೇ ಬಂದು ಬಿಜಾಪುರ ಗೆದ್ದ. ರಾಜಧಾನಿ ಪಟ್ಟ ಹೋಯಿತು, ಊರು ಸೊರಗಿತು.

ಇನ್ನೂರು ವರ್ಷ ಕಳೆಯುವುದರೊಳಗೆ ಇಲ್ಲಿಗೆ ಕ್ಯಾಮೆರಾ ಬಂತು. 1855ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಾಂಬೆ ಸರ್ಕಾರ ಥಾಮಸ್ ಬಿಗ್ಸ್ ಅನ್ನೋ ಸೇನಾಧಿಕಾರಿಯನ್ನು ನಮ್ಮ ಭಾಗದ ಹಳೆ ಕಟ್ಟಡಗಳ ಫೋಟೋ ತೆಗೆಯಲು ನೇಮಿಸಿತು. ಬಿಜಾಪುರ, ಬಾದಾಮಿ, ಐಹೊಳೆ ಎಲ್ಲ ಕಡೆ ಆತ ಓಡಾಡಿದ. ಆಗಿನ ನೆಗೆಟಿವ್ ಅಂದ್ರೆ ಬೆಳ್ಳಿಯ ಲವಣ ಲೇಪಿಸಿದ ಕಾಗದ. ಬೆಳಕು ಅದರ ಮೇಲೆ ಮೂಡಲು ನಿಮಿಷಗಟ್ಟಲೆ ಬೇಕು. ಅಲ್ಲಾಡದೆ ನಿಂತ ಗೋಡೆ, ಗುಮ್ಮಟ ಚೆನ್ನಾಗಿ ಬರುತ್ತೆ. ನಡೆದುಹೋದ ಹೆಂಗಸು, ದಾಟಿಹೋದ ಎತ್ತಿನ ಗಾಡಿ ಮೂಡೋದೇ ಇಲ್ಲ. 1866ರಲ್ಲಿ ಲಂಡನ್‌ನಲ್ಲಿ ‘ಆರ್ಕಿಟೆಕ್ಚರ್ ಅಟ್ ಬೀಜಾಪುರ್’ ಪುಸ್ತಕದಲ್ಲಿ ಬಿಗ್ಸ್ ಮತ್ತಿತರರ ಈ ಚಿತ್ರಗಳು ಅಚ್ಚಾದವು. ಇಂಥ ಚಿತ್ರ ನೋಡಿದವರಿಗೆ ಬಿಜಾಪುರ ಅಂದ್ರೆ ಜನರಿಲ್ಲದ ಹಾಳೂರು ಅನ್ನಿಸಿದ್ರೆ ಆಶ್ಚರ್ಯ ಇಲ್ಲ. ಊರು ಸೊರಗಿದ್ದು ನಿಜ. ಆದರೆ ಆ ಖಾಲಿತನದಲ್ಲಿ ಒಂದಷ್ಟು ಪಾಲು ಕ್ಯಾಮೆರಾದ್ದು. ಬಿಗ್ಸ್‌ಗೆ ಬೇರೆ ದಾರಿ ಇರಲಿಲ್ಲ. ನನಗೆ ಇತ್ತು. ನಾನು ಬೆರಳಲ್ಲೇ ಕ್ರಾಪ್ ಮಾಡಿದ್ದೆ.

ಹಂಗಂತ ಮುಂಜಾನೆ ಫೋಟೋ ತೆಗೆಯೋದು ತಪ್ಪಾ? ಖಂಡಿತ ಅಲ್ಲ. ಸೂರ್ಯ ಕೆಳಗಿದ್ದಾಗ ನೆಲದ ಸಣ್ಣ ಉಬ್ಬಿಗೂ ಉದ್ದ ನೆರಳು ಬೀಳುತ್ತೆ. ಮಧ್ಯಾಹ್ನ ಸಪಾಟಾಗಿ ಕಾಣುವ ಹೊಲದಲ್ಲಿ ಹಳೇ ಒಡ್ಡು, ಹಳೇ ಗೋಡೆಯ ಗುರುತು ಎದ್ದು ಕಾಣುತ್ತೆ. ಇಂಗ್ಲೆಂಡಿನ ಓ.ಜಿ.ಎಸ್. ಕ್ರಾಫರ್ಡ್ 1920ರ ದಶಕದಲ್ಲಿ ಇಂಥ ಗುರುತುಗಳನ್ನು ವಿಮಾನದಿಂದ ತೆಗೆದ ಫೋಟೋಗಳಲ್ಲಿ ಹುಡುಕಿ ಪುರಾತತ್ವಕ್ಕೆ ಹೊಸ ದಾರಿ ತೋರಿಸಿದ್ದ.

ಮರುದಿನ ಬೆಳಿಗ್ಗೆ ಕಾಕಾನನ್ನೇ ಬೈಕ್ ಹಿಂದೆ ಕೂರಿಸಿಕೊಂಡು ವಿಜಯಪುರ ರಸ್ತೆಯಲ್ಲಿ ತೊರವಿಗೆ ಹೋದೆ. ಇದೇ ಆ ನವರಸಪುರ. 1599ರಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾಹ ಹೊಸ ರಾಜಧಾನಿ ಕಟ್ಟಲು ಶುರು ಮಾಡಿದ ಜಾಗ. 1624ರಲ್ಲಿ ಮಲಿಕ್ ಅಂಬರ್ ಇದನ್ನು ಹಾಳುಗೆಡವಿದ. ಸಂಗೀತ ಮಹಲಿನ ಗೋಡೆಗಳು ಇನ್ನೂ ನಿಂತಿವೆ. ಇದೇ ತೊರವಿಯಿಂದ ಆದಿಲ್‌ಶಾಹಿಗಳು ನೆಲದೊಳಗೆ ಸುರಂಗ ಕೊರೆದು ನಗರಕ್ಕೆ ನೀರು ತಂದಿದ್ದರು. ಅದನ್ನೇ ಸುರಂಗ ಬಾವಡಿ ಅಂತಾರೆ. ಗಾಳಿ ಆಡಲು, ಇಳಿದು ಹೂಳು ತೆಗೆಯಲು ಮೇಲಿಂದ ಸಾಲಾಗಿ ಬಾವಿ ತೋಡಿದ್ದರು.

ಕಾಕಾ ಒಂದು ಬಾವಿಯೊಳಗೆ ಬಗ್ಗಿ ನೋಡಿದರು. “ನಾವು ಬೋರ್ ಹಾಕಿಸಿ ಹಾಕಿಸಿ ಸೋತ್ವಿ. ಇವರು ಭೂಮಿ ಒಳಗ ಹೊಳಿನ ಹರಿಸ್ಯಾರಲ್ಲೋ” ಅಂದರು. ಈಗ ಕೃಷ್ಣಾ ನದಿಯ ನೀರು ಏತ ನೀರಾವರಿಯಿಂದ ಜಿಲ್ಲೆಯ ಕೆರೆಗಳಿಗೆ ಬರ್ತಿದೆ. ಹಳೇ ಕೆರೆಗಳಿಗೆ ಮತ್ತೆ ಕೆಲಸ ಸಿಕ್ಕಿದೆ.

ವಾಪಸ್ ಬಂದು ಅದೇ ಮಡ್ಡಿ ಮೇಲೆ ನಿಂತು, ಶೆಡ್, ಹೊಂಡ, ಜಾಲಿ ಗಿಡ, ಸ್ವೆಟರ್ ಹಾಕ್ಕೊಂಡು ನಿಂತ ಕಾಕಾ, ಎಲ್ಲಾ ಸೇರಿಸಿ ಇನ್ನೊಂದು ಫೋಟೋ ತೆಗೆದೆ. ಅವರು ಕನ್ನಡಕ ಏರಿಸಿ ನೋಡಿದರು.

“ಈಗ ಬರೋಬ್ಬರಿ ಐತಿ” ಅಂದರು. ಆಮೇಲೆ ನಕ್ಕು, “ಆದ್ರ ಮೊದಲಿಂದು ಜರಾ ಚಂದ ಇತ್ತು ಬಿಡು.”

ನಿಮ್ಮ ಊರಿನ ಫೋಟೋ ಹಾಕೋ ಮೊದಲು ನೀವು ಏನು ಕ್ರಾಪ್ ಮಾಡ್ತಿದೀರಿ ಅಂತ ಒಂದ್ಸಲ ನೋಡಿ. ಮುಂದಿನ ವಾರ ಸಿಗೋಣ.